ಪರಮಾಣುಗಳನ್ನು ತೂಗಿದ ಆಸ್ಟನ್

ಕರ್ನಾಟಕದ ಉತ್ತರ ತುದಿಯಲ್ಲಿರುವ ಬೀದರ ನಗರಕ್ಕೆ ಹೋದವರು ಅಲ್ಲಿಯ ಕೋಟೆಯನ್ನು ನೋಡಿದ ಮೇಲೆ ಬಿದರಿ ಕೆಲಸಗಾರರ ಅಂಗಡಿಗಳಿಗೂ ಹೋಗಿ ಬರುವುದುಂಟು. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅದರ ಮೈಮೇಲೆ ಉಳಿಯಿಂದ ಹೂಬಳ್ಳಿಗಳನ್ನು ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯನ್ನು ಕೂರಿಸಿ ಬಡಿಯುತ್ತಾರೆ. ಕೊನೆಯಲ್ಲಿ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿಗೆ ಬೆರೆಸಿ ಕಾಯಿಸಿ, ಆ ರಾಡಿಯಿಂದ ಪಾತ್ರೆಯನ್ನು ಉಜ್ಜಿದಾಗ ಲೋಹವು ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿಯ ಗೆರೆಗಳು ಮಾತ್ರ ಬಿಳುಪಾಗಿಯೇ ಉಳಿಯುತ್ತವೆ. ಎಷ್ಟು ಸತುವಿಗೆ ಎಷ್ಟು ತಾಮ್ರ ಹಾಕಬೇಕೆಂಬುದು ಆ ಕೆಲಸಗಾರನಿಗೆ ತಕ್ಕಡಿ ಹಿಡಿಯುವ ಮುನ್ನವೇ ಗೊತ್ತು.

ಆದರೆ ಅದೇ ತಾಮ್ರದ ಒಂದೇ ಒಂದು ಪರಮಾಣುವನ್ನು ತೂಗಬೇಕಾದರೆ? ಅದಕ್ಕೆ ಯಾವ ತಕ್ಕಡಿ, ಯಾವ ಬಟ್ಟು? ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರಜ್ಞರು ತಾಮ್ರದ ಪರಮಾಣು ತೂಕ ಸುಮಾರು 63.5 ಎಂದು ಲೆಕ್ಕ ಹಾಕಿದ್ದರು. ಸತುವಿನದು ಸುಮಾರು 65.4. ಅತಿ ಹಗುರವಾದ ಜಲಜನಕದ ಪರಮಾಣುವನ್ನು 1 ಎಂದು ಹಿಡಿದರೆ ಉಳಿದವುಗಳ ತೂಕ ಇಷ್ಟಿಷ್ಟು ಎಂಬುದು ಈ ಅಂಕೆಗಳ ಅರ್ಥ. ಈ ಲೆಕ್ಕದಲ್ಲಿ ಒಂದು ತೊಡಕಿತ್ತು. ಕೆಲವು ಮೂಲವಸ್ತುಗಳ ತೂಕ ಪೂರ್ಣಾಂಕದ ತೀರ ಹತ್ತಿರಕ್ಕೆ ಬರುತ್ತಿತ್ತು. ಮತ್ತೆ ಕೆಲವಕ್ಕೆ ಈ ಅರ್ಧ, ಕಾಲುಗಳ ಬಾಲ ಅಂಟಿಕೊಂಡಿತ್ತು. ಎಲ್ಲ ಪರಮಾಣುಗಳೂ ಜಲಜನಕದಿಂದಲೇ ಕಟ್ಟಲ್ಪಟ್ಟಿರಬೇಕೆಂದು 1815ರಲ್ಲಿ ಪ್ರೌಟ್ ಎಂಬ ಇಂಗ್ಲಿಷ್ ವೈದ್ಯನು ಊಹಿಸಿದ್ದನು. ಕ್ಲೋರಿನ್ನಿನ 35.5 ಎಂಬ ಒಂದು ಅಂಕೆಯೇ ಆ ಸೊಗಸಾದ ಊಹೆಯನ್ನು ಮೂಲೆಗೆ ತಳ್ಳಿಬಿಟ್ಟಿತು. ಅರ್ಧ ಜಲಜನಕವನ್ನು ಯಾರೂ ಕಂಡಿರಲಿಲ್ಲವಷ್ಟೆ!

ಈ ಬಾಲದ ಗುಟ್ಟನ್ನು ಬಿಡಿಸಿದವನು ಫ್ರಾನ್ಸಿಸ್ ವಿಲಿಯಂ ಆಸ್ಟನ್.

ಆಸ್ಟನ್ನನು 1877ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಸೇರಿದ ಹಾರ್ಬೋರ್ನ್ ಎಂಬಲ್ಲಿ ಜನಿಸಿದನು. ಬೀದರದಂತೆ ಬರ್ಮಿಂಗ್‌ಹ್ಯಾಮ್ ಕೂಡ ಲೋಹದ ಕೆಲಸಕ್ಕೆ ಹೆಸರಾದ ಊರು. ತಂದೆ ಲೋಹದ ವ್ಯಾಪಾರಿ, ಜೊತೆಗೆ ಬೇಸಾಯವನ್ನೂ ಮಾಡುತ್ತಿದ್ದವನು; ತಾಯಿ ಬಂದೂಕು ತಯಾರಕರ ಮನೆಯ ಮಗಳು. ಏಳು ಮಕ್ಕಳಲ್ಲಿ ಒಬ್ಬನಾದ ಈ ಹುಡುಗನಿಗೆ ಪುಸ್ತಕಕ್ಕಿಂತ ಉಪಕರಣಗಳ ಮೇಲೆಯೇ ಹೆಚ್ಚು ಒಲವು. ಮಾಲ್ವರ್ನ್ ಕಾಲೇಜಿನ ಶಿಕ್ಷಣ ಮುಗಿಸಿ 1893ರಲ್ಲಿ ಬರ್ಮಿಂಗ್‌ಹ್ಯಾಮಿನ ಮೇಸನ್ ಕಾಲೇಜಿಗೆ ಸೇರಿದನು. ಮನೆಯಲ್ಲಿಯೇ ಒಂದು ಪ್ರಯೋಗಶಾಲೆಯನ್ನು ಹೂಡಿಕೊಂಡು, ಗಾಜನ್ನು ಊದಿ ಬೇಕಾದ ಆಕಾರಕ್ಕೆ ತರುವುದನ್ನೂ ಗಾಳಿಯನ್ನು ಹೊರಗೆಳೆಯುವ ಪಂಪುಗಳನ್ನು ತಯಾರಿಸುವುದನ್ನೂ ಕೈಯಾರೆ ಅಭ್ಯಾಸ ಮಾಡಿದನು.

ಆತನ ಮೊದಲ ಸಂಶೋಧನೆ ರಸಾಯನಶಾಸ್ತ್ರದಲ್ಲಿ. ಅದರಿಂದ ಹೊಟ್ಟೆ ತುಂಬುವಂತಿರಲಿಲ್ಲ. ಆದ್ದರಿಂದ 1900ರಿಂದ ಮೂರು ವರ್ಷ ಒಂದು ಮದ್ಯ ತಯಾರಿಕೆಯ ಕಾರ್ಖಾನೆಯಲ್ಲಿ ರಸಾಯನಜ್ಞನಾಗಿ ದುಡಿದನು. ಹಗಲಿಡೀ ಹುದುಗು ಬಂದ ದ್ರವಗಳ ಪರೀಕ್ಷೆ. ಬಿಡುವು ದೊರೆತಾಗ ಗಾಳಿ ತೆಗೆದ ಗಾಜಿನ ಕೊಳವೆಗಳ ಸಹವಾಸ. 1895ರಲ್ಲಿ ಕ್ಷ-ಕಿರಣಗಳು ಪತ್ತೆಯಾದಂದಿನಿಂದ ಇಂತಹ ಕೊಳವೆಗಳು ಯುರೋಪಿನ ವಿಜ್ಞಾನಿಗಳ ಮನಸ್ಸನ್ನೆಲ್ಲ ಸೆಳೆದಿದ್ದವು. 1903ರಲ್ಲಿ ಕಾರ್ಖಾನೆಯ ಕೆಲಸ ಬಿಟ್ಟು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಹಿಂದಿರುಗಿ, ವಿದ್ಯುತ್ತು ಹರಿಯುವಾಗ ಕೊಳವೆಯ ಒಳಗೆ ಮೂಡುವ ಬೆಳಕು ಕತ್ತಲೆಗಳ ಪಟ್ಟೆಗಳನ್ನು ಅಭ್ಯಸಿಸಿದನು. ಅವುಗಳಲ್ಲಿ ಒಂದು ತೆಳು ಕತ್ತಲೆಯ ಪಟ್ಟೆಗೆ ಇಂದಿಗೂ ಆತನ ಹೆಸರೇ ಇದೆ. 1908ರಲ್ಲಿ ತಂದೆ ತೀರಿಕೊಂಡ ಬಳಿಕ ದೀರ್ಘ ಪ್ರವಾಸ ಹೊರಟು, ಆಸ್ಟ್ರೇಲಿಯ, ನ್ಯೂಜಿಲೆಂಡ್, ಹವಾಯಿಗಳನ್ನು ಸುತ್ತಿ ಬಂದನು. ಹವಾಯಿಯಲ್ಲಿ ಅಲೆಗಳ ಮೇಲೆ ಹಲಗೆ ಹತ್ತಿ ತೇಲುವ ಆಟವನ್ನು ಕಲಿತನೆಂಬುದು, ಮುಂದೆ ಆತನ ಗಂಭೀರ ಚಿತ್ರಗಳನ್ನು ನೋಡಿದವರಿಗೆ ನಂಬಲು ಸ್ವಲ್ಪ ಕಷ್ಟವೇ.

ಪ್ರವಾಸದಿಂದ ಮರಳಿದ ಸ್ವಲ್ಪ ಕಾಲಕ್ಕೆ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಶಾಲೆಯಿಂದ ಕರೆ ಬಂತು. ಕರೆದವನು ಎಲೆಕ್ಟ್ರಾನನ್ನು ಕಂಡುಹಿಡಿದ ಜೆ. ಜೆ. ಥಾಮ್ಸನ್. ಥಾಮ್ಸನ್ನನ ಬುದ್ಧಿ ಎಷ್ಟು ಹರಿತವೋ ಕೈ ಅಷ್ಟೇ ಒರಟು. ನಾಜೂಕಾದ ಗಾಜಿನ ಸಾಮಾನುಗಳಿಗೆ ಅವನ ಕೈ ಸೋಕದಿದ್ದರೆ ಸಾಕೆಂದು ಸಹಾಯಕರು ಬಯಸುತ್ತಿದ್ದರಂತೆ. ಆಸ್ಟನ್ನನ ಕೈ ಅಂತಹ ಕೆಲಸಕ್ಕಾಗಿಯೇ ಹದಗೊಂಡಿತ್ತು. ಇಬ್ಬರೂ ಕೂಡಿ ಧನಕಿರಣಗಳ ಪರೀಕ್ಷೆಗೆ ತೊಡಗಿದರು.

ಧನಕಿರಣಗಳೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತರೆ ಉಳಿದದ್ದು ಧನ ವಿದ್ಯುತ್ತನ್ನು ಪಡೆದು ಅಯಾನು ಎನಿಸುತ್ತದೆ. ತಟಸ್ಥವಾದ ಪರಮಾಣುವನ್ನು ದೂರದಿಂದ ಆಡಿಸಲಾಗದು; ಆದರೆ ಅಯಾನನ್ನು ವಿದ್ಯುತ್ತಿನಿಂದ ಓಡಿಸಬಹುದು, ಅಯಸ್ಕಾಂತದಿಂದ ಬಾಗಿಸಬಹುದು. ಹೀಗೆ ಓಡುವ ಅಯಾನುಗಳ ಹೊನಲೇ ಧನಕಿರಣ. ಬೀದರ ಜಿಲ್ಲೆಯ ಭಾಲ್ಕಿ, ಔರಾದ ತಾಲ್ಲೂಕುಗಳ ಹೊಲಗಳಲ್ಲಿ, ಯಂತ್ರಗಳು ಬರುವ ಮುನ್ನ, ಜೋಳದ ರಾಶಿಯನ್ನು ತೂರುತ್ತಿದ್ದ ಬಗೆಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎತ್ತರದಲ್ಲಿ ನಿಂತ ರೈತನು ಮೊರದಿಂದ ಕಾಳನ್ನು ಸುರಿಯುತ್ತಾನೆ. ಅಡ್ಡಲಾಗಿ ಗಾಳಿ ಬೀಸುತ್ತದೆ. ಗಟ್ಟಿಕಾಳು ಕಾಲ ಬುಡದಲ್ಲಿಯೇ ಬೀಳುತ್ತದೆ, ಜೊಳ್ಳು ಸ್ವಲ್ಪ ಆಚೆಗೆ, ಹೊಟ್ಟು ಇನ್ನೂ ದೂರಕ್ಕೆ. ಯಾರೂ ಒಂದೊಂದನ್ನೇ ಹಿಡಿದು ತೂಗದಿದ್ದರೂ ತೂಕಕ್ಕೆ ತಕ್ಕಂತೆ ಎಲ್ಲವೂ ಬೇರೆಯಾಗುತ್ತವೆ. ಅಯಾನುಗಳ ಪಾಲಿಗೆ ಆ ಗಾಳಿಯೇ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ. ಹಗುರವಾದದ್ದು ಹೆಚ್ಚು ಬಾಗುತ್ತದೆ, ಭಾರವಾದದ್ದು ಕಡಿಮೆ ಬಾಗುತ್ತದೆ. ಎದುರಿಗಿಟ್ಟ ಛಾಯಾಫಲಕದ ಮೇಲೆ ಒಂದೊಂದು ತೂಕದ ಅಯಾನು ತನ್ನದೇ ಆದ ಗೆರೆಯನ್ನು ಮೂಡಿಸುತ್ತದೆ. ನಮ್ಮ ಭಾಷೆಯಲ್ಲಿ ಕಣ ಎಂದರೆ ಧಾನ್ಯ ತೂರುವ ಜಾಗವೂ ಹೌದು, ಅತಿ ಸೂಕ್ಷ್ಮವಾದ ತುಣುಕೂ ಹೌದು. ರಾಶಿ ಎಂದರೆ ಕಾಳಿನ ಗುಡ್ಡೆಯೂ ಹೌದು, ವಸ್ತುವಿನ ದ್ರವ್ಯದ ಅಳತೆಯೂ ಹೌದು. ಆಸ್ಟನ್ನನಿಗೆ ಕನ್ನಡ ಬಂದಿದ್ದರೆ ಈ ಮಾತುಗಳು ಆತನಿಗೆ ಹಿಡಿಸುತ್ತಿದ್ದವೇನೋ.

1912ರಲ್ಲಿ ನಿಯಾನ್ ಅನಿಲವನ್ನು ಹೀಗೆ ತೂರಿದಾಗ ಒಂದು ಅಚ್ಚರಿ ಕಂಡಿತು. ನಿಯಾನಿನ ಪರಮಾಣು ತೂಕ 20.2. ಫಲಕದ ಮೇಲೆ 20ರ ಸ್ಥಾನದಲ್ಲಿ ಒಂದು ದಟ್ಟವಾದ ಗೆರೆ ಇತ್ತು. ಅದರ ಪಕ್ಕದಲ್ಲಿ, 22ರ ಸ್ಥಾನದಲ್ಲಿ, ಮಸುಕಾದ ಇನ್ನೊಂದು ಗೆರೆ. 20.2ರಲ್ಲಿ ಏನೂ ಇರಲಿಲ್ಲ! ಒಂದು ಮೂಲವಸ್ತುವಿನ ಎಲ್ಲ ಪರಮಾಣುಗಳ ತೂಕವೂ ಒಂದೇ ಎಂದು ಡಾಲ್ಟನ್ ಹೇಳಿ ನೂರು ವರ್ಷಗಳಾಗಿದ್ದವು. ರಸಾಯನಶಾಸ್ತ್ರದ ಕಟ್ಟಡವೇ ಆ ಮಾತಿನ ಮೇಲೆ ನಿಂತಿತ್ತು. ಆದ್ದರಿಂದ ಆ ಮಸುಕು ಗೆರೆ ಯಾವುದೋ ಅರಿಯದ ಸಂಯುಕ್ತದ್ದಿರಬಹುದೆಂಬ ಶಂಕೆ ಥಾಮ್ಸನ್ನನನ್ನು ಬಿಡಲಿಲ್ಲ. ಎರಡು ತೂಕದ ನಿಯಾನ್ ಇದೆಯೆಂದಾದರೆ ಅವುಗಳನ್ನು ಬೇರ್ಪಡಿಸಿ ತೋರಿಸಬೇಕೆಂದು ಆಸ್ಟನ್ನನು ಹಟ ತೊಟ್ಟನು. ಸೂಕ್ಷ್ಮ ರಂಧ್ರಗಳುಳ್ಳ ಜೇಡಿಮಣ್ಣಿನ ಕೊಳವೆಯ ಮೂಲಕ ಅನಿಲವನ್ನು ಮತ್ತೆ ಮತ್ತೆ ಸೋಸಿದನು. ಹಗುರವಾದದ್ದು ತುಸು ಬೇಗ ನುಸುಳಬೇಕೆಂಬುದು ಇದರ ತರ್ಕ. ಅಲ್ಪಸ್ವಲ್ಪ ಅನಿಲವನ್ನು ತೂಗಲು ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗದಷ್ಟು ವ್ಯತ್ಯಾಸಕ್ಕೂ ಅಲುಗುವ ಸ್ಫಟಿಕದ ತಕ್ಕಡಿಯನ್ನು ತಾನೇ ತಯಾರಿಸಿದನು. ಅಷ್ಟೆಲ್ಲ ಶ್ರಮದ ಫಲವಾಗಿ ದೊರೆತ ವ್ಯತ್ಯಾಸ ಶೇಕಡ ಒಂದಕ್ಕೂ ಕಡಿಮೆ. ನಂಬುವವರಿಗೆ ಅದು ಸಾಕು, ನಂಬದವರಿಗೆ ಸಾಲದು. ಅದೇ ಸಮಯಕ್ಕೆ ವಿಕಿರಣಶೀಲ ವಸ್ತುಗಳಲ್ಲಿ ಗುಣದಲ್ಲಿ ಒಂದೇ ಆಗಿದ್ದು ತೂಕದಲ್ಲಿ ಬೇರೆಯಾದ ಪರಮಾಣುಗಳಿರುವುದನ್ನು ಗುರುತಿಸಿದ ಫ್ರೆಡರಿಕ್ ಸಾಡಿ ಅವುಗಳಿಗೆ ಐಸೊಟೋಪುಗಳೆಂದು ಹೆಸರಿಟ್ಟಿದ್ದನು. ಕನ್ನಡದಲ್ಲಿ ಅವನ್ನು ಸಮಸ್ಥಾನಿಗಳು ಎನ್ನುತ್ತೇವೆ. ಆದರೆ ವಿಕಿರಣವಿಲ್ಲದ ಸಾಧಾರಣ ವಸ್ತುಗಳಲ್ಲಿಯೂ ಅವು ಇರಬಹುದೆ?

ಉತ್ತರ ಹುಡುಕುವಷ್ಟರಲ್ಲಿ 1914ರ ಮಹಾಯುದ್ಧ ಬಂದೊದಗಿತು. ಆಸ್ಟನ್ನನನ್ನು ಫಾರ್ನ್‌ಬರೋದ ವಿಮಾನ ಕಾರ್ಖಾನೆಗೆ ಕಳುಹಿಸಲಾಯಿತು. ಅಂದಿನ ವಿಮಾನಗಳ ರೆಕ್ಕೆಗಳಿಗೆ ಬಟ್ಟೆಯ ಹೊದಿಕೆ. ಆ ಬಟ್ಟೆಗೆ ಬಳಿಯುವ ಲೇಪಗಳ ಪರೀಕ್ಷೆ ಈತನ ಪಾಲಿಗೆ ಬಂದ ಕೆಲಸ. ಅಲ್ಲಿ ಜೊತೆಗಿದ್ದ ಲಿಂಡೆಮನ್ ಎಂಬ ಭೌತವಿಜ್ಞಾನಿಗೆ ಎರಡು ನಿಯಾನುಗಳ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಇಬ್ಬರಿಗೂ ವಾದ ನಡೆಯುತ್ತಲೇ ಇತ್ತು. ಮೂರ್ನಾಲ್ಕು ವರ್ಷ ಪ್ರಯೋಗ ಕೈಗೆಟುಕದೆ ಕುಳಿತ ಆಸ್ಟನ್ನನಿಗೆ ಆ ವಾದಗಳಿಂದ ಲಾಭವೇ ಆಯಿತೆನ್ನಬೇಕು. ಸೋಸುವ ಹಾದಿಯನ್ನು ಬಿಟ್ಟು ತೂರುವ ಉಪಕರಣವನ್ನೇ ತಿದ್ದಬೇಕೆಂಬುದು ಅವನಿಗೆ ಸ್ಪಷ್ಟವಾಯಿತು.

1919ರಲ್ಲಿ ಕೇಂಬ್ರಿಜ್‌ಗೆ ಮರಳಿದೊಡನೆ ಆತನು ನಿರ್ಮಿಸಿದ ಯಂತ್ರವೇ ದ್ರವ್ಯರಾಶಿ ರೋಹಿತಲೇಖಿ. ಹಳೆಯ ಉಪಕರಣದಲ್ಲಿ ಒಂದು ದೋಷವಿತ್ತು. ಒಂದೇ ತೂಕದ ಅಯಾನುಗಳೂ ಒಂದೇ ವೇಗದಲ್ಲಿ ಓಡುವುದಿಲ್ಲ. ನಿಧಾನವಾಗಿ ಹೋಗುವವು ಹೆಚ್ಚು ಬಾಗಿ, ವೇಗವಾಗಿ ಹೋಗುವವು ಕಡಿಮೆ ಬಾಗಿ, ಗೆರೆಯು ಉದ್ದಕ್ಕೆ ಹರಡಿ ಮಸುಕಾಗುತ್ತಿತ್ತು. ಆಸ್ಟನ್ನನು ಅಯಾನುಗಳನ್ನು ಮೊದಲು ವಿದ್ಯುತ್ ಕ್ಷೇತ್ರದಿಂದ ಒಂದು ಕಡೆಗೂ ಆಮೇಲೆ ಕಾಂತಕ್ಷೇತ್ರದಿಂದ ಅದಕ್ಕೆ ಎದುರು ಕಡೆಗೂ ಬಾಗಿಸಿದನು. ಮೊದಲನೆಯದರಿಂದ ಚೆದರಿದವು ಎರಡನೆಯದರಿಂದ ಮತ್ತೆ ಒಂದೆಡೆಗೆ ಕೂಡಿದವು. ಮಸೂರವು ಬೆಳಕನ್ನು ಒಂದು ಬಿಂದುವಿನಲ್ಲಿ ಸೇರಿಸುವಂತೆ, ವೇಗ ಬೇರೆಯಾದರೂ ತೂಕ ಒಂದೇ ಆದ ಅಯಾನುಗಳೆಲ್ಲ ಒಂದೇ ಚೂಪಾದ ಗೆರೆಯಾದವು. ಸಾವಿರದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವೂ ಈಗ ಮರೆಯಾಗುವಂತಿರಲಿಲ್ಲ.

ನಿಯಾನ್ ಎರಡಾಗಿ ನಿಂತಿತು, ಸಂಶಯಕ್ಕೆ ಎಡೆಯುಳಿಯಲಿಲ್ಲ. ಅನಂತರ ಕ್ಲೋರಿನ್ನಿನ ಸರದಿ. ಫಲಕದ ಮೇಲೆ 35.5ರಲ್ಲಿ ಗೆರೆಯೇ ಇಲ್ಲ. 35ರಲ್ಲಿ ಒಂದು, 37ರಲ್ಲಿ ಒಂದು. ನಾಲ್ಕು ಪರಮಾಣುಗಳಲ್ಲಿ ಮೂರು 35ರವು, ಒಂದು 37ರದ್ದು ಎಂದು ಹಿಡಿದು ಸರಾಸರಿ ತೆಗೆದರೆ 35.5 ತಾನಾಗಿ ಬರುತ್ತದೆ. ಒಂದು ಚೀಲದಲ್ಲಿ ಜೋಳದ ಕಾಳೂ ತೊಗರಿಕಾಳೂ ಬೆರೆತಿವೆಯೆಂದು ಭಾವಿಸಿ. ಚೀಲವನ್ನು ತೂಗಿ ಕಾಳುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ತೂಕ ಜೋಳದ್ದೂ ಅಲ್ಲ, ತೊಗರಿಯದೂ ಅಲ್ಲ. ರಸಾಯನಶಾಸ್ತ್ರಜ್ಞರು ನೂರು ವರ್ಷ ಚೀಲವನ್ನು ತೂಗಿದ್ದರು. ಅವರ ತೂಕದಲ್ಲಿ ತಪ್ಪಿರಲಿಲ್ಲ. ಒಳಗೆ ಒಂದೇ ಜಾತಿಯ ಕಾಳಿದೆಯೆಂಬ ನಂಬಿಕೆಯಲ್ಲಿ ತಪ್ಪಿತ್ತು.

ಅಲ್ಲಿಂದ ಮುಂದೆ ಆಸ್ಟನ್ನನು ಒಂದಾದ ಮೇಲೊಂದರಂತೆ ಮೂಲವಸ್ತುಗಳನ್ನು ತನ್ನ ಯಂತ್ರಕ್ಕೆ ಒಡ್ಡುತ್ತ ಹೋದನು. ಅನಿಲಗಳು ಸುಲಭವಾಗಿ ಒಲಿದವು. ಲೋಹಗಳು ಆತನನ್ನು ಕಾಡಿದವು. ಲೋಹವು ಅಯಾನಾಗಬೇಕಾದರೆ ಮೊದಲು ಆವಿಯಾಗಬೇಕಲ್ಲ! ನಿಕ್ಕಲನ್ನು ಅದರ ಆವಿಯಾಗುವ ಒಂದು ಸಂಯುಕ್ತದ ರೂಪದಲ್ಲಿ ಒಳಗೆ ಬಿಟ್ಟು 58, 60 ಎಂಬ ಎರಡು ಸಮಸ್ಥಾನಿಗಳನ್ನು ಹಿಡಿದನು. ಬೇರೆ ಕೆಲವು ಲೋಹಗಳ ಲವಣಗಳನ್ನು ಗ್ರಾಫೈಟ್ ಪುಡಿಯೊಡನೆ ಧನಾಗ್ರದ ಕುಳಿಯಲ್ಲಿ ತುಂಬಿ ಕಾಯಿಸಿ ಅಯಾನುಗಳನ್ನು ಹೊರಡಿಸಿದನು. ಇದೇ ಅವಧಿಯಲ್ಲಿ ಅಮೆರಿಕದ ಷಿಕಾಗೋದಲ್ಲಿ ಡೆಂಪ್‌ಸ್ಟರ್ ಎಂಬಾತನು ಬೇರೊಂದು ಬಗೆಯ ಉಪಕರಣದಿಂದ ಇದೇ ಹಾದಿಯಲ್ಲಿ ಸಾಗಿದ್ದನು. ಹೀಗೆ ಬಿದರಿಯ ಎರಡು ಲೋಹಗಳ ಬಾಲವೂ ಬಿಡಿಸಿಕೊಂಡಿತು. ತಾಮ್ರದಲ್ಲಿ 63 ಮತ್ತು 65 ಎಂಬ ಎರಡು ಬಗೆಯ ಪರಮಾಣುಗಳಿವೆ. ಹತ್ತರಲ್ಲಿ ಸುಮಾರು ಏಳು ಮೊದಲನೆಯವು, ಮೂರು ಎರಡನೆಯವು. ಸತುವಿನಲ್ಲಿ 64, 66, 67, 68, 70 ಎಂದು ಐದು ಬಗೆ.

1922ರಲ್ಲಿ ಆಸ್ಟನ್ನನಿಗೆ ರಸಾಯನವಿಜ್ಞಾನದ ನೊಬೆಲ್ ಬಹುಮಾನ ಬಂದಿತು. ಹಿಂದಿನ ವರ್ಷ ಕೊಡದೆ ಉಳಿಸಿದ್ದ ಬಹುಮಾನವನ್ನು ಅದೇ ವೇಳೆಗೆ ಸಾಡಿಗೆ ಕೊಡಲಾಯಿತು. ಹೆಸರಿಟ್ಟವನೂ ತೂಗಿ ತೋರಿಸಿದವನೂ ಒಟ್ಟಿಗೆ ಮನ್ನಣೆ ಪಡೆದದ್ದು ಉಚಿತವಾಗಿಯೇ ಇತ್ತು. ಪ್ರಕೃತಿಯಲ್ಲಿ ದೊರೆಯುವ ಸಮಸ್ಥಾನಿಗಳಲ್ಲಿ 212ನ್ನು ಗುರುತಿಸಿದವನು ಆಸ್ಟನ್ನನೇ. ಹಾಗೆಂದು ಆತನ ಕಣ್ಣಿಗೆ ಏನೂ ತಪ್ಪಲಿಲ್ಲವೆಂದಲ್ಲ. 1931ರಲ್ಲಿ ಯುರೇನಿಯಮ್ಮನ್ನು ಪರೀಕ್ಷಿಸಿದಾಗ ಆತನಿಗೆ 238ರ ಗೆರೆ ಮಾತ್ರ ಕಂಡಿತು. ಅತ್ಯಲ್ಪವಾಗಿದ್ದ 235ನ್ನು 1935ರಲ್ಲಿ ಕಂಡವನು ಡೆಂಪ್‌ಸ್ಟರ್. ಮುಂದೆ ಜಗತ್ತನ್ನು ನಡುಗಿಸಿದ್ದು ಆ ತಪ್ಪಿಹೋದ ಗೆರೆಯೇ.

ಆಸ್ಟನ್ನನು ಮದುವೆಯಾಗಲಿಲ್ಲ. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಕೊಠಡಿಗಳೇ ಆತನ ಮನೆ. ಶಿಷ್ಯರ ದೊಡ್ಡ ಪರಿವಾರವನ್ನು ಕಟ್ಟಿಕೊಳ್ಳದೆ ಬಹುಮಟ್ಟಿಗೆ ಒಬ್ಬನೇ ದುಡಿದನು. ಪಿಯಾನೊ, ಪಿಟೀಲು, ಚೆಲ್ಲೊ ವಾದ್ಯಗಳನ್ನು ನುಡಿಸುತ್ತಿದ್ದನು. ಹಿಮದ ಮೇಲೆ ಜಾರುವುದು, ಟೆನಿಸ್ ಆಡುವುದು, ಛಾಯಾಚಿತ್ರ ತೆಗೆಯುವುದು ಆತನಿಗೆ ಪ್ರಿಯವಾದ ಹವ್ಯಾಸಗಳಾಗಿದ್ದವು. ಸೂರ್ಯಗ್ರಹಣವನ್ನು ನೋಡಲು 1932ರಲ್ಲಿ ಕೆನಡಕ್ಕೂ 1936ರಲ್ಲಿ ಜಪಾನಿಗೂ ಹೋದ ತಂಡಗಳೊಡನೆ ಪ್ರಯಾಣ ಮಾಡಿದನು.

ಸೂರ್ಯನೊಡನೆ ಆತನಿಗಿದ್ದ ನಂಟು ಗ್ರಹಣಕ್ಕಷ್ಟೇ ಸೀಮಿತವಾಗಿರಲಿಲ್ಲ. ತೂಕಗಳೆಲ್ಲ ಪೂರ್ಣಾಂಕಗಳೆಂಬ ನಿಯಮಕ್ಕೆ ಜಲಜನಕವೊಂದು ಅಪವಾದವಾಗಿತ್ತು; ಅದರ ತೂಕ 1 ಅಲ್ಲ, 1.008. ನಾಲ್ಕು ಜಲಜನಕಗಳು ಕೂಡಿದರೆ 4.032 ಆಗಬೇಕು. ಆದರೆ ಅವು ಸೇರಿ ಆಗಬಹುದಾದ ಹೀಲಿಯಮ್ಮಿನ ತೂಕ ಸುಮಾರು 4 ಮಾತ್ರ. ಉಳಿದ ಚೂರು ಎಲ್ಲಿ ಹೋಯಿತು? ದ್ರವ್ಯವು ಶಕ್ತಿಯಾಗಿ ಮಾರ್ಪಡಬಲ್ಲದೆಂದು ಐನ್‌ಸ್ಟೈನ್ 1905ರಲ್ಲಿಯೇ ತೋರಿಸಿದ್ದನು. ಆಸ್ಟನ್ನನ ಅಳತೆಯನ್ನು ಹಿಡಿದು 1920ರಲ್ಲಿ ಎಡಿಂಗ್‌ಟನ್ ಎಂಬ ಖಗೋಳಶಾಸ್ತ್ರಜ್ಞನು ಸೂರ್ಯನು ಕೋಟ್ಯಂತರ ವರ್ಷಗಳಿಂದ ಉರಿಯುತ್ತಿರುವುದು ಈ ಚೂರಿನ ಬಲದಿಂದಲೇ ಇರಬೇಕೆಂದು ಸೂಚಿಸಿದನು. ಆ ಸೂಚನೆ ಸರಿಯೆಂದು ಮುಂದೆ ಸ್ಥಿರಪಟ್ಟಿತು. ಈ ಸಣ್ಣ ಕೊರತೆಗಳನ್ನು ಅಳೆಯುವುದಕ್ಕಾಗಿಯೇ ಆಸ್ಟನ್ನನು ಹತ್ತು ಸಾವಿರದಲ್ಲಿ ಒಂದು ಪಾಲನ್ನು ತೋರಿಸುವ ಎರಡನೆಯ ಯಂತ್ರವನ್ನೂ, ಅದಕ್ಕಿಂತ ಸೂಕ್ಷ್ಮವಾದ ಮೂರನೆಯದನ್ನೂ ನಿರ್ಮಿಸಿದನು. ಒಂದು ಲೋಟ ನೀರಿನಲ್ಲಿರುವ ಜಲಜನಕವೆಲ್ಲ ಹೀಲಿಯಮ್ಮಾದರೆ ಹೊರಡುವ ಶಕ್ತಿಯಿಂದ ಭಾರಿ ಹಡಗೊಂದು ಅಟ್ಲಾಂಟಿಕ್ ಸಾಗರವನ್ನು ದಾಟಿ ಹಿಂದಿರುಗಬಹುದೆಂದು ಆತನು ಜನರಿಗೆ ವಿವರಿಸುತ್ತಿದ್ದನು. ಮನುಷ್ಯನು ಒಂದು ದಿನ ಈ ಶಕ್ತಿಯನ್ನು ಬಿಡುಗಡೆ ಮಾಡಿಯೇ ತೀರುವನೆಂಬುದರಲ್ಲಿ ಆತನಿಗೆ ಸಂಶಯವಿರಲಿಲ್ಲ. ಅದನ್ನು ನೆರೆಯವನ ನಾಶಕ್ಕೆ ಬಳಸಿಯಾನೇ ಎಂಬ ಅಳುಕು ಮಾತ್ರ ಇತ್ತು.

1945ರ ಆಗಸ್ಟ್ 6ರಂದು ಹಿರೋಷಿಮದ ಮೇಲೆ ಬಾಂಬು ಬಿದ್ದಿತು. ಅದರೊಳಗಿನ ಯುರೇನಿಯಂ 235ನ್ನು ಪ್ರತ್ಯೇಕಿಸಲು ಅಮೆರಿಕದಲ್ಲಿ ಬಳಸಿದ ಯಂತ್ರಗಳಲ್ಲಿ, ಅಯಾನುಗಳನ್ನು ಕಾಂತಕ್ಷೇತ್ರದಲ್ಲಿ ಬಾಗಿಸಿ ತೂಕದಂತೆ ಬೇರೆ ಮಾಡುವ ಬೃಹತ್ ಯಂತ್ರಗಳೂ ಇದ್ದವು. ಅದೇ ವರ್ಷದ ನವೆಂಬರ್ 20ರಂದು ಆಸ್ಟನ್ನನು ಕೇಂಬ್ರಿಜ್‌ನಲ್ಲಿ ಕೊನೆಯುಸಿರೆಳೆದನು.

ಆತನನ್ನು ಕಾಡಿದ ಲೋಹಗಳು ಮುಂದೆ ಬೇರೊಂದು ಸಾಧನಕ್ಕೆ ಮಣಿದವು. 1960ರಲ್ಲಿ ಮೊದಲ ಲೇಸರ್ ಬೆಳಗಿತು. ಕಣ್ಣು ರೆಪ್ಪೆ ಹೊಡೆಯುವುದಕ್ಕಿಂತಲೂ ಬಹಳ ಕಡಿಮೆ ಅವಧಿಯ ಲೇಸರ್ ಮಿಂಚನ್ನು ಲೋಹದ ಕಡ್ಡಿಯ ಮೇಲೆ ಒಂದು ಚುಕ್ಕೆಯಲ್ಲಿ ಕೂಡಿಸಿದರೆ, ಎಂತಹ ಗಟ್ಟಿ ಲೋಹವೂ ಆ ಚುಕ್ಕೆಯಲ್ಲಿ ಆವಿಯಾಗುತ್ತದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಮಾಲಿಯ ತಂಡವು ಈ ಬಿಸಿ ಆವಿಯ ಮೇಲೆ ಹೀಲಿಯಂ ಅನಿಲವನ್ನು ಹಾಯಿಸಿತು. ಆವಿಯು ತಣ್ಣಗಾಗುವಾಗ ಪರಮಾಣುಗಳು ಎರಡು, ಮೂರು, ಹತ್ತು, ಐವತ್ತು ಹೀಗೆ ಕೂಡಿಕೊಂಡು ಗುಚ್ಛಗಳಾದವು. ಒಂಟಿ ಪರಮಾಣುವೂ ಅಲ್ಲದ, ಲೋಹದ ಗಟ್ಟಿಯೂ ಅಲ್ಲದ ಈ ಗುಚ್ಛಗಳ ನಡತೆ ವಿಚಿತ್ರ. ಒಂದು ಪರಮಾಣು ಹೆಚ್ಚು ಕಡಿಮೆಯಾದರೂ ಗುಣ ಬದಲಾಗುತ್ತದೆ. 1984ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಸೋಡಿಯಂ ಗುಚ್ಛಗಳನ್ನು ತೂಗಿದವರಿಗೆ 8, 20, 40 ಪರಮಾಣುಗಳ ಗುಚ್ಛಗಳು ನೆರೆಯವುಗಳಿಗಿಂತ ಬಹಳ ಹೆಚ್ಚಾಗಿ ಕಂಡವು. ಅಷ್ಟು ಪರಮಾಣುಗಳು ಕೂಡಿದಾಗ ಅವುಗಳ ಎಲೆಕ್ಟ್ರಾನುಗಳು ಕವಚಗಳನ್ನು ಸರಿಯಾಗಿ ತುಂಬುತ್ತವೆಂಬುದೇ ಅದಕ್ಕೆ ಕಾರಣ. 1985ರಲ್ಲಿ ಸ್ಮಾಲಿಯ ಅದೇ ಯಂತ್ರದಲ್ಲಿ ಲೋಹದ ಬದಲು ಇಂಗಾಲವನ್ನಿಟ್ಟಾಗ 720ರಲ್ಲಿ ಒಂದು ಗೆರೆ ಎದ್ದು ನಿಂತಿತು. ಇಂಗಾಲದ ತೂಕ 12. ಎಂದರೆ ಅರವತ್ತು ಪರಮಾಣುಗಳು ಕೂಡಿ ಆದ ಚೆಂಡು ಅದು.

ಗುಚ್ಛದಲ್ಲಿ ಎಷ್ಟು ಪರಮಾಣುಗಳಿವೆಯೆಂದು ಕಣ್ಣಿನಿಂದ ಎಣಿಸಲಾಗದು. ಅದನ್ನು ಅಯಾನಾಗಿಸಿ ತೂಗಿಯೇ ತಿಳಿಯಬೇಕು. ಬೀದರದ ಬಿದರಿಗೆ ಹಾಕುವ ತಾಮ್ರದ ಒಂದು ಚೂರನ್ನು ಇಂತಹ ಯಂತ್ರದಲ್ಲಿಟ್ಟು ಲೇಸರ್ ಹಾಯಿಸಿದರೆ, ಎರಡೇ ಪರಮಾಣುಗಳ ಗುಚ್ಛವು ಒಂದು ಗೆರೆಯಾಗಿ ಕಾಣುವುದಿಲ್ಲ, ಮೂರಾಗಿ ಕಾಣುತ್ತದೆ. ಎರಡೂ 63ರವಾದರೆ 126, ಒಂದು 63 ಮತ್ತೊಂದು 65 ಆದರೆ 128, ಎರಡೂ 65ರವಾದರೆ 130. ಮೊದಲೆರಡು ಗೆರೆಗಳು ದಟ್ಟ, ಮೂರನೆಯದು ತೆಳು. ಈ ಮೂರರ ಸಾಲನ್ನು ಕಂಡೊಡನೆ ಅದು ತಾಮ್ರದ ಜೋಡಿಯೆಂದು ವಿಜ್ಞಾನಿ ಗುರುತಿಸುತ್ತಾನೆ. ಮೂರು ತಾಮ್ರದ ಪರಮಾಣುಗಳು ಕೂಡಿದ ಗುಚ್ಛವು ಎಷ್ಟು ಗೆರೆಗಳಾಗಿ ಒಡೆಯುತ್ತದೆ, ಅವುಗಳಲ್ಲಿ ಯಾವುದು ಎಲ್ಲಕ್ಕಿಂತ ತೆಳುವಾಗಿರುತ್ತದೆ ಎಂಬುದನ್ನು ನೀವೂ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ನೋಡಬಹುದು.